ಘಟ್ಟದಲ್ಲಿ, ಹೈವೇಯಲ್ಲಿ ಪೊಲೀಸರು ಕೈ ಮಾಡಿದರೆ ಗಾಡಿ ಎಲ್ಲಿ ನಿಲ್ಲಿಸಬೇಕು?

ಕತಗಾಲದಿಂದ

ನಮ್ಮ ಉತ್ತರ ಕನ್ನಡ ಜಿಲ್ಲೆಯ ರಸ್ತೆ ಗೊತ್ತಿದ್ದವರನ್ನೇ ಕೇಳಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಪೊಲೀಸರು ಕೈ ಮಾಡಿದಾಗ ಅವರು ನಿಂತ ಕಡೆಯೇ ಬ್ರೇಕ್ ಹಾಕಬೇಕಾ? ಇಲ್ಲ, ಸ್ವಲ್ಪ ಮುಂದೆ ಹೋಗಿ ಅಗಲ ಇರುವಲ್ಲಿ ನಿಲ್ಲಿಸಿದರೆ ನಡೆಯುತ್ತದಾ?

ಶಿರಸಿ–ಕುಮಟಾ ರಸ್ತೆಯಲ್ಲಿ ನನ್ನ ಓಡಾಟ ಜಾಸ್ತಿ. ದೇವಿಮನೆ ಘಟ್ಟ ಇಳಿಯುವಾಗ ಒಂದು ಕಡೆ ಧರೆ, ಅಂದರೆ ಕಡಿದ ಗುಡ್ಡದ ಗೋಡೆ, ಇನ್ನೊಂದು ಕಡೆ ಕಂದಕ. ತಿರುವು ಮುಗಿದ ತಕ್ಷಣ ಯಾರಾದರೂ ಅಡ್ಡ ಬಂದರೆ ಹಿಂದಿನ ಲಾರಿಯವನಿಗೆ ನಾನು ನಿಂತಿದ್ದು ಕಾಣುವುದೇ ಇಲ್ಲ. ಮುಂದೆ ಹೋದರೆ ಓಡಿಹೋದ ಅಂತ ಆಗುತ್ತದೆ ಅನ್ನುವ ಹೆದರಿಕೆ. ದಂಡ, ದಾಖಲೆ, ಜಗಳ ಇದೆಲ್ಲ ಬೇರೆ ಮಾತು. ಜಾಗದ ಬಗ್ಗೆ ಮಾತ್ರ ಹೇಳಿ. ಮಳೆಗಾಲ ಶುರುವಾಗುವ ಮೊದಲು ತಿಳಿದುಕೊಳ್ಳಬೇಕು.

ಶಿರಸಿ ಟ್ಯಾಕ್ಸಿ

ಒಳ್ಳೆ ಪ್ರಶ್ನೆ ಭಾವ. ನಾವು ದಿನಾ ಬಾಡಿಗೆ ಹೊಡೆಯುವವರು. ನಮ್ಮ ಸ್ಟ್ಯಾಂಡಿನಲ್ಲಿ ಹೊಸ ಹುಡುಗರಿಗೆ ಹೇಳಿಕೊಡುವುದು ಇಷ್ಟೇ: ಕೈ ಕಂಡ ಕೂಡಲೇ ಎಡಗಡೆ ಇಂಡಿಕೇಟರ್ ಹಾಕು, ವೇಗ ಇಳಿಸು, ಆಮೇಲೆ ಜಾಗ ನೋಡು. ನಿಲ್ಲುವುದು ತಡವಾದರೂ ಅಡ್ಡಿಲ್ಲ. ನಿಲ್ಲುತ್ತೇನೆ ಅಂತ ತೋರಿಸುವುದು ತಡವಾಗಬಾರದು. ಇಂಡಿಕೇಟರ್ ಹಾಕಿ ನಿಧಾನಕ್ಕೆ ಮುಂದೆ ಹೋದವನನ್ನು ಯಾರೂ ಓಡಿದ ಅಂದುಕೊಳ್ಳುವುದಿಲ್ಲ.

ಹಗಲಾದರೆ ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ ಮುಂದಕ್ಕೆ ತೋರಿಸಿ. 'ಅಲ್ಲಿ ನಿಲ್ಲಿಸ್ತೇನೆ' ಅಂತ ಅವರಿಗೆ ಅರ್ಥ ಆಗುತ್ತದೆ. ರಾತ್ರಿಯಾದರೆ ಒಳಗಿನ ಲೈಟ್ ಹಾಕಿ.

ನಿಮ್ಮ ರಸ್ತೆಯಲ್ಲಿ ಅಮ್ಮಿನಳ್ಳಿ, ಬಂಡಲ್, ರಾಗಿಹೊಸಳ್ಳಿ ಈ ಊರುಗಳ ಹತ್ತಿರ ಅಂಗಡಿ, ಮನೆ ಇದ್ದಾವೆ, ಲೈಟ್ ಇರುತ್ತದೆ. ಅಲ್ಲಿ ಧೈರ್ಯವಾಗಿ ನಿಲ್ಲಿಸಬಹುದು. ಘಟ್ಟದ ಒಳಗೆ ಮಾತ್ರ ತಿರುವು ದಾಟಿ, ನೇರ ತುಂಡು ಸಿಕ್ಕ ಮೇಲೇ ನಿಲ್ಲಿಸಬೇಕು.

ಕೋಡಿಬಾಗ

ಹೇಳುವುದು ಸುಲಭ. ನನ್ನ ತಮ್ಮ ಹಾಗೇ ಮುಂದೆ ಹೋಗಿ ನಿಲ್ಲಿಸಿದ. 'ಕೈ ಮಾಡಿದರೂ ಯಾಕೆ ನಿಲ್ಲಿಸಲಿಲ್ಲ' ಅಂತ ಬೈಗುಳ ತಿಂದ. ಹೊಸ ಹುಡುಗರಿಗೆ ಇದೆಲ್ಲ ಧೈರ್ಯ ಬರುವುದಿಲ್ಲ. ಎಲ್ಲಿ ಕೈ ಮಾಡಿದರೋ ಅಲ್ಲೇ ನಿಲ್ಲಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಖಾಕಿ ಬಿಟ್ಟವನು

ನಾನು ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಘಟ್ಟದ ಮೇಲೂ, ಕರಾವಳಿಯಲ್ಲೂ ರಸ್ತೆ ಮೇಲೆ ನಿಂತಿದ್ದೇನೆ. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಪೊಲೀಸರು ತಿರುವಿನ ಹತ್ತಿರ, ಹಂಪ್ ಹತ್ತಿರ ಯಾಕೆ ನಿಲ್ಲುತ್ತಾರೆ? ಅಲ್ಲಿ ಗಾಡಿ ತಾನಾಗಿಯೇ ನಿಧಾನ ಆಗುತ್ತದೆ. ದೂರದಿಂದ ನೋಡಿ ವಾಪಸ್ ತಿರುಗಿಸಿಕೊಂಡು ಹೋಗಲು ಆಗುವುದಿಲ್ಲ. ಅವರ ಕೆಲಸಕ್ಕೆ ಆ ಜಾಗ ಸುಲಭ. ಆದರೆ ಕೆಲಸಕ್ಕೆ ಸುಲಭವಾದ ಜಾಗ ನಿಲ್ಲಿಸಲು ಸುರಕ್ಷಿತ ಅಂತ ಅಲ್ಲ. ಇದನ್ನು ಇಲಾಖೆಯಲ್ಲೂ ತಿಳಿದವರು ಒಪ್ಪುತ್ತಾರೆ.

ನಮಗೆ ಸಂಶಯ ಬರುವುದು ಯಾವಾಗ ಅಂದರೆ: ವೇಗ ಇಳಿಯದೆ ಇದ್ದಾಗ, ಇಂಡಿಕೇಟರ್ ಇಲ್ಲದಾಗ, ಹೆಡ್‌ಲೈಟ್ ಆರಿಸಿದಾಗ, ಒಳಗೆ ಜನ ಸೀಟು ಬದಲಿಸಿದಾಗ, ಕಿಟಕಿಯಿಂದ ಏನಾದರೂ ಹೊರಗೆ ಹೋದಾಗ. ಇದರಲ್ಲಿ ಯಾವುದೂ ಇಲ್ಲದೆ ಒಬ್ಬ ಇಂಡಿಕೇಟರ್ ಹಾಕಿಕೊಂಡು ಜನ ನಡೆಯುವ ವೇಗದಲ್ಲಿ ಮುಂದೆ ಹೋಗಿ ನಿಂತರೆ ನಾವು ನಡೆದುಕೊಂಡು ಹೋಗುತ್ತಿದ್ದೆವು. ಬೇಜಾರು ಇರಲಿಲ್ಲ.

ಕೋಡಿಬಾಗದವರೇ, ನಿಮ್ಮ ತಮ್ಮನಿಗೆ ಬೈದದ್ದು ಸರಿಯಲ್ಲ. ಆದರೆ ಎಷ್ಟು ದೂರ ಹೋದ ಅನ್ನುವುದೂ ಮುಖ್ಯ. ಪೊಲೀಸರ ಕಣ್ಣಿಗೆ ಗಾಡಿ ಕಾಣುತ್ತಲೇ ಇರಬೇಕು. ಮುಂದಿನ ತಿರುವು ದಾಟಿ ಮರೆಯಾದರೆ ಅವರು ಬೇರೆ ರೀತಿ ಯೋಚನೆ ಮಾಡುತ್ತಾರೆ. ದಾಟಲೇಬೇಕಾದ ಜಾಗವಾಗಿದ್ದರೆ ಹಜಾರ್ಡ್ ಲೈಟ್ (ಎಲ್ಲ ಇಂಡಿಕೇಟರ್ ಒಟ್ಟಿಗೆ ಮಿನುಗುವುದು) ಹಾಕಿಕೊಂಡೇ ಹೋಗಿ. ನಿಂತ ಮೇಲೆ ಮೊದಲ ಮಾತು 'ಸರ್, ಅಲ್ಲಿ ತಿರುವು ಇತ್ತು, ಅದಕ್ಕೆ ಇಲ್ಲಿ ಬಂದೆ' ಅಂತ ಇರಲಿ.

ಹತ್ತು ಚಕ್ರ

ಕಾರಿನವರ ಮಾತು ಆಯಿತು. ಲಾರಿಯವರದ್ದೂ ಕೇಳಿ. ನಾನು ಅಂಕೋಲಾ–ಹುಬ್ಬಳ್ಳಿ ಲೈನಿನವನು. ಅರಬೈಲ್ ಘಟ್ಟ ನಮ್ಮ ನಿತ್ಯದ ದಾರಿ.

ಲೋಡ್ ಇದ್ದಾಗ ಇಳಿಜಾರಿನಲ್ಲಿ ಕೈ ಮಾಡಿದರೆ ನಮಗೆ ಕೂಡಲೇ ನಿಲ್ಲಿಸಲು ಆಗುವುದಿಲ್ಲ. ಘಟ್ಟವನ್ನು ಸಣ್ಣ ಗೇರಿನಲ್ಲಿ, ಎಂಜಿನ್ ಹಿಡಿತದಲ್ಲಿ ಇಳಿಸುತ್ತೇವೆ. ಬ್ರೇಕ್ ಜಾಸ್ತಿ ಒತ್ತಿದರೆ ಡ್ರಮ್ ಕಾಯುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ. ಮೇಲಿಂದ ಮೇಲೆ ಒತ್ತಿದರೆ ಗಾಳಿಯ ಒತ್ತಡವೂ ಇಳಿಯುತ್ತದೆ. ಹಾಗಾಗಿ ಅರ್ಧ ಘಟ್ಟದಲ್ಲಿ ನಿಲ್ಲಿಸಿ ಅಂದರೆ ಅದು ನಮಗೂ ಅಪಾಯ, ಕೈ ಮಾಡಿದವರಿಗೂ ಅಪಾಯ. ಹಾರ್ನ್ ಹೊಡೆದು, ಹಜಾರ್ಡ್ ಹಾಕಿ, ಇಳಿಜಾರು ಕಡಿಮೆ ಆಗುವಲ್ಲಿಗೆ ಹೋಗಿ ನಿಲ್ಲಿಸುತ್ತೇವೆ. ತಿಳಿದ ಪೊಲೀಸರು ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವುದೇ ಇಲ್ಲ. ಘಟ್ಟ ಹತ್ತುವ ಮೊದಲು, ಇಲ್ಲ ಇಳಿದ ಮೇಲೆ ನಿಲ್ಲಿಸುತ್ತಾರೆ.

ನಿಲ್ಲಿಸಿದ ಮೇಲೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತೇವೆ. ಹೊರಡುವಾಗ ಆ ಕಲ್ಲನ್ನು ತೆಗೆದು ರಸ್ತೆ ಆಚೆ ಹಾಕಬೇಕು. ಇದನ್ನು ಎಲ್ಲ ಡ್ರೈವರ್ ಅಣ್ಣಂದಿರಿಗೂ ಕೈ ಮುಗಿದು ಹೇಳುತ್ತೇನೆ. ಬಿಟ್ಟು ಹೋದ ಕಲ್ಲಿಗೆ ರಾತ್ರಿ ಬೈಕಿನ ಹುಡುಗರು ಬೀಳುತ್ತಾರೆ.

ಇನ್ನೊಂದು ವಿಷಯ ಸೈಡ್ ಮಣ್ಣು. ಆಷಾಢದ ಮಳೆ ಬಿದ್ದ ಮೇಲೆ ಡಾಂಬರಿನ ಅಂಚು ದಾಟಿ ಕೆಂಪು ಮಣ್ಣಿಗೆ ಚಕ್ರ ಇಳಿಸಬೇಡಿ. ಮೇಲೆ ಹುಲ್ಲು ಹಸಿರಾಗಿ ಚೆನ್ನಾಗಿ ಕಾಣುತ್ತದೆ. ಕೆಳಗೆ ಗಟಾರ ಇರುತ್ತದೆ, ಇಲ್ಲ ನೀರು ಕೊರೆದ ಪೊಳ್ಳು ಇರುತ್ತದೆ. 2025ರ ಜನವರಿಯಲ್ಲಿ ಯಲ್ಲಾಪುರದ ಗುಳ್ಳಾಪುರ ಹತ್ತಿರ ತರಕಾರಿ ಲಾರಿ ಕಂದಕಕ್ಕೆ ಬಿದ್ದು 10 ಜನ ಹೋದರು. ಕುಮಟಾ ಸಂತೆಗೆ ಹೊರಟವರು. ಎದುರಿನ ಗಾಡಿಗೆ ಸೈಡ್ ಕೊಡಲು ಎಡಕ್ಕೆ ಸರಿದಾಗ ಆಗಿದ್ದು ಅಂತ ಆಗ ಹೇಳಿದರು. ಅದು ಮಳೆಗಾಲವೂ ಅಲ್ಲ. ಕಂದಕದ ಕಡೆ ಅಂಚಿಗೆ ಹೋಗಿ ನಿಲ್ಲಿಸುವುದು ಬೇಡವೇ ಬೇಡ.

ಅಘನಾಶಿನಿ

ಹತ್ತು ಚಕ್ರ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಗುಳ್ಳಾಪುರದ ಸುದ್ದಿ ಇವತ್ತಿಗೂ ಮರೆಯಲು ಆಗಿಲ್ಲ.

ನಾನು ಸ್ಕೂಟಿಯಲ್ಲಿ ಓಡಾಡುವವಳು. ಕುಮಟಾದಲ್ಲಿ ಕೆಲಸ, ಸಂಜೆ ಬರುವಾಗ ಕತ್ತಲಾಗುತ್ತದೆ. ಹೆಂಗಸರಿಗೆ ಜಾಗದ ಪ್ರಶ್ನೆ ಇನ್ನೂ ದೊಡ್ಡದು. ನಿರ್ಜನ ಜಾಗದಲ್ಲಿ, ಸಮವಸ್ತ್ರ ಸರಿಯಾಗಿ ಕಾಣದ ಒಬ್ಬರು ಟಾರ್ಚ್ ಬೀಸಿದರೆ ನಾನು ಅಲ್ಲಿ ನಿಲ್ಲಿಸುವುದಿಲ್ಲ. ವೇಗ ಇಳಿಸಿ, ಇಂಡಿಕೇಟರ್ ಹಾಕಿಕೊಂಡೇ ಮುಂದಿನ ಪೆಟ್ರೋಲ್ ಬಂಕ್, ಅಂಗಡಿ, ಇಲ್ಲ ಲೈಟ್ ಇರುವ ಮನೆ ಮುಂದೆ ನಿಲ್ಲಿಸುತ್ತೇನೆ. ನಿಂತ ಕೂಡಲೇ 112ಕ್ಕೆ ಫೋನ್ ಮಾಡಿ, ಎಲ್ಲಿ ಇದ್ದೇನೆ, ಯಾಕೆ ಮುಂದೆ ಬಂದೆ ಅಂತ ಹೇಳುತ್ತೇನೆ. ನಿಜವಾದ ಪೊಲೀಸರಾಗಿದ್ದರೆ ಆ ಫೋನಿನಿಂದ ಯಾರಿಗೂ ತೊಂದರೆ ಇಲ್ಲ. ಫೋನನ್ನು ಓಡಿಸುತ್ತಾ ಮಾಡಬೇಡಿ, ನಿಂತ ಮೇಲೆ ಮಾಡಿ.

ಸಮವಸ್ತ್ರ, ಎದೆ ಮೇಲೆ ಹೆಸರಿನ ಪಟ್ಟಿ, ಹತ್ತಿರದಲ್ಲಿ ಇಲಾಖೆಯ ಜೀಪು ಇವು ಇದ್ದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ಸುಮ್ನೆ ಎಲ್ಲರ ಮೇಲೂ ಸಂಶಯ ಪಡುವುದು ಸರಿಯಲ್ಲ. ಮಳೆಯಲ್ಲಿ ರೇನ್‌ಕೋಟ್ ಹಾಕಿ ಹೊತ್ತುಗಟ್ಟಲೆ ನಿಲ್ಲುವವರು ಅವರು.

ಕೋಡಿಬಾಗ

ಸರಿ, ನನ್ನ ತಮ್ಮನ ವಿಷಯದಲ್ಲಿ ಖಾಕಿ ಸರ್ ಹೇಳಿದ್ದು ಒಪ್ಪುತ್ತೇನೆ. ಅವನು ಇಂಡಿಕೇಟರ್ ಹಾಕಿದ್ದನಾ ಅಂತ ಕೇಳುತ್ತೇನೆ. ಆದರೆ ಕಾನೂನಿನಲ್ಲಿ ಏನಿದೆ? ಕೈ ಮಾಡಿದ ಜಾಗದಲ್ಲೇ ನಿಲ್ಲಬೇಕು ಅಂತ ಇದೆಯಾ?

ಬಾಳೆಗುಳಿ ಕ್ರಾಸ್

ಕಾನೂನಿನ ಭಾಗ ನಾನು ಹೇಳುತ್ತೇನೆ, ಇದೇ ನನ್ನ ಕಸುಬು.

ಮೋಟಾರು ವಾಹನ ಕಾಯ್ದೆ 1988, ಕಲಂ 130. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕ ಲೈಸೆನ್ಸ್ ತೋರಿಸಬೇಕು. ಇಂಥದ್ದೇ ಜಾಗದಲ್ಲಿ ಗಾಡಿ ನಿಲ್ಲಿಸು ಅನ್ನುವ ಮಾತು ಅದರಲ್ಲಿ ಇಲ್ಲ. ಆದರೆ ಕಾನೂನುಬದ್ಧ ಸೂಚನೆಯನ್ನು ಬೇಕಂತಲೇ ಮೀರಿದರೆ ಕಲಂ 179ರ ಕೆಳಗೆ ಬರುತ್ತದೆ. ಹಾಗಾಗಿ ನಿಲ್ಲಿಸದೆ ಹೋಗುವ ಪ್ರಶ್ನೆಯೇ ಇಲ್ಲ. ಸ್ವಲ್ಪ ಮುಂದೆ ನಿಲ್ಲಿಸುವುದು ಬೇರೆ, ನಿಲ್ಲಿಸದೇ ಹೋಗುವುದು ಬೇರೆ.

ಎಲ್ಲಿ ಗಾಡಿ ನಿಲ್ಲಿಸಿ ಇಡಬಾರದು ಅನ್ನುವುದಕ್ಕೆ 2017ರ ಚಾಲನಾ ನಿಯಮಗಳಿವೆ. ತಿರುವು, ಏರಿನ ತುದಿ, ಸೇತುವೆ, ಕೂಡುರಸ್ತೆ, ಜನ ದಾಟುವ ಪಟ್ಟೆ ಇಂಥ ಜಾಗ. ನೀವು ತಿರುವು ದಾಟಿ ನಿಲ್ಲಿಸಿದ್ದಕ್ಕೆ ಕಾರಣ ಕೊಡಬೇಕಾಗಿ ಬಂದರೆ ಈ ನಿಯಮ ನಿಮ್ಮ ಕಡೆ ಇದೆ.

ಇನ್ನು ಪೊಲೀಸರ ಕಡೆಯ ಕರ್ತವ್ಯ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ತಾಯಿ ತಂದೆ ಜೊತೆ ಇದ್ದ ಮೂರು ವರ್ಷದ ಮಗು ರಸ್ತೆಗೆ ಬಿದ್ದು, ಹಿಂದಿನಿಂದ ಬಂದ ವಾಹನಕ್ಕೆ ಸಿಕ್ಕಿ ತೀರಿಹೋಯಿತು. ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅದಾದ ಮೇಲೆ ರಾಜ್ಯ ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಸೂಚನೆ ಬಂತು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಸುಮ್ಮನೆ ಗಾಡಿ ತಡೆಯಬಾರದು. ಏಕಾಏಕಿ ಅಡ್ಡ ಬರಬಾರದು. ಕೀ ಕಿತ್ತುಕೊಳ್ಳಬಾರದು. ಹೆದ್ದಾರಿಯಲ್ಲಿ ಅಂಕುಡೊಂಕಾಗಿ ಬ್ಯಾರಿಕೇಡ್ ಇಡಬಾರದು. ನಿಲ್ಲಿಸದೆ ಹೋದವರನ್ನು ಬೆನ್ನಟ್ಟುವ ಬದಲು ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು. ಇದು ನಮಗೆಲ್ಲ ಗೊತ್ತಿರಬೇಕು.

ಸಿದ್ದಾಪುರ ಬೈಕ್

ಆ ಮಗುವಿನ ಸುದ್ದಿ ಓದಿದ ಮೇಲೆ ಬೈಕ್ ನಿಲ್ಲಿಸುವ ರೀತಿಯನ್ನೇ ನಮ್ಮ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಹಿಂದೆ ಆಯಿ ಕೂತಿದ್ದಾಗ, ಅದರಲ್ಲೂ ಒಂದೇ ಕಡೆ ಕಾಲು ಹಾಕಿ ಕೂತಿದ್ದಾಗ, ಗಟ್ಟಿ ಬ್ರೇಕ್ ಹಾಕಿದರೆ ಅವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮುಂದಿನ ಬ್ರೇಕ್ ಒಂದನ್ನೇ ಎಳೆಯಬೇಡಿ. ಎರಡೂ ಬ್ರೇಕ್ ನಿಧಾನಕ್ಕೆ ಹಿಡಿದು, ಹಿಂದೆ ಕೂತವರಿಗೆ 'ನಿಲ್ಲಿಸ್ತೇನೆ, ಹಿಡ್ಕೊ' ಅಂತ ಹೇಳಿ, ಸಮತಟ್ಟು ನೆಲದಲ್ಲಿ ಕಾಲು ಊರಿ. ಮೊದಲು ಹಿಂದಿನವರು ಎಡಕ್ಕೆ ಇಳಿಯಲಿ, ರಸ್ತೆಯಿಂದ ದೂರ ನಿಲ್ಲಲಿ. ಆಮೇಲೆ ನೀವು ಸ್ಟ್ಯಾಂಡ್ ಹಾಕಿ. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಮಣ್ಣಿನಲ್ಲಿ ಹೂತು ಬೈಕ್ ಮಗುಚುತ್ತದೆ. ಡಾಂಬರ್ ಮೇಲೇ ಸ್ಟ್ಯಾಂಡ್ ಹಾಕಿ.

ಗಂಟೆಗೆ 60 ಕಿಮೀ ವೇಗದಲ್ಲಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಹೋಗಿರುತ್ತೇವೆ. ಕೈ ನೋಡಿ, ಅರ್ಥ ಮಾಡಿಕೊಂಡು, ಬ್ರೇಕಿಗೆ ಕೈ ಹೋಗುವುದರೊಳಗೇ ಅಷ್ಟು ದೂರ ಮುಗಿದಿರುತ್ತದೆ. ಇಪ್ಪತ್ತು ಮೀಟರ್ ದೂರದಿಂದ ಕೈ ಮಾಡಿದರೆ ಯಾರಿಗೂ ಅಲ್ಲೇ ನಿಲ್ಲಿಸಲು ಸಾಧ್ಯವಿಲ್ಲ.

ಹೊರಗಿದ್ದವ

ನಾನು ಶಿರಸಿ ಕಡೆಯವನೇ, ಈಗ ಅಮೆರಿಕದಲ್ಲಿ ಇದ್ದೇನೆ. ಇಲ್ಲಿಯ ರೀತಿ ಬೇರೆ. ಪೊಲೀಸ್ ಕಾರು ಹಿಂದಿನಿಂದ ಬಂದು ದೀಪ ಹಾಕುತ್ತದೆ. ನಾವು ಇಂಡಿಕೇಟರ್ ಹಾಕಿ ಬಲಗಡೆ ಅಂಚಿಗೆ ಹೋಗುತ್ತೇವೆ. ಜಾಗ ಸರಿಯಿಲ್ಲದಿದ್ದರೆ ಹಜಾರ್ಡ್ ಹಾಕಿ ನಿಧಾನಕ್ಕೆ ಮುಂದಿನ ಅಂಗಡಿಯ ಪಾರ್ಕಿಂಗಿಗೋ, ಹೈವೇಯ ನಿರ್ಗಮನ ದಾರಿಗೋ ಹೋಗುತ್ತೇವೆ. ಸಂಶಯ ಇದ್ದರೆ ಇಲ್ಲಿಯ ತುರ್ತು ನಂಬರ್ 911ಕ್ಕೆ ಫೋನ್. ನಿಂತ ಮೇಲೆ ಕಾರಿನಿಂದ ಇಳಿಯುವುದಿಲ್ಲ, ಕೈ ಸ್ಟೇರಿಂಗ್ ಮೇಲೆ ಇರುತ್ತದೆ. ಪೊಲೀಸರು ತಮ್ಮ ಕಾರನ್ನು ನಮ್ಮ ಹಿಂದೆ ನಿಲ್ಲಿಸುವುದರಿಂದ ದೀಪ ಹಾಕಿದ ಆ ಕಾರು ದೂರಕ್ಕೇ ಕಾಣುತ್ತದೆ. ಅದರ ಮೇಲೆ ಎಲ್ಲಾ 50 ರಾಜ್ಯಗಳಲ್ಲೂ ಇಂಥ ಕಡೆ ಹಾದುಹೋಗುವ ಗಾಡಿಗಳು ಪಕ್ಕದ ಲೇನಿಗೆ ಸರಿಯಬೇಕು, ಆಗದಿದ್ದರೆ ನಿಧಾನ ಮಾಡಬೇಕು ಅನ್ನುವ ಕಾನೂನಿದೆ.

ನಮ್ಮಲ್ಲಿ ಪೊಲೀಸರು ಎದುರಿಗೆ ನಿಂತು ಕೈ ಮಾಡುತ್ತಾರೆ. ನಿಂತ ಗಾಡಿಯ ಹಿಂದೆ ಏನೂ ಇರುವುದಿಲ್ಲ. ಹಾಗಾಗಿ ಇಲ್ಲಿಯ ರೀತಿಯನ್ನು ಹಾಗೇ ತೆಗೆದುಕೊಂಡರೆ ನಡೆಯುವುದಿಲ್ಲ. ಊರಿನಲ್ಲಿ ಜಾಗ ಆರಿಸುವ ಹೊಣೆ ಚಾಲಕನ ಮೇಲೆ ಇನ್ನೂ ಜಾಸ್ತಿ.

ಶಿರಸಿ ಟ್ಯಾಕ್ಸಿ

ಇಳಿಯುವ ವಿಷಯ ಬಂತಲ್ಲ, ಅದು ಮುಖ್ಯ. ನಮ್ಮ ಗಾಡಿಯ ಡ್ರೈವರ್ ಬಾಗಿಲು ರಸ್ತೆ ಕಡೆಗೇ ತೆರೆಯುತ್ತದೆ. ತುಂಬ ಜನ ದಾಖಲೆ ಹಿಡಿದುಕೊಂಡು ಧಡಕ್ಕನೆ ಬಾಗಿಲು ತೆಗೆಯುತ್ತಾರೆ, ಹಿಂದೆ ಬಸ್ಸು ಬರುತ್ತಿರುತ್ತದೆ. ಕರೆದರೆ ಮಾತ್ರ ಇಳಿಯಿರಿ. ಎಡಗೈಯಿಂದ ಬಾಗಿಲ ಹಿಡಿ ಎಳೆಯಿರಿ, ಆಗ ಮೈ ತಾನಾಗಿ ತಿರುಗಿ ಹಿಂದೆ ನೋಡುತ್ತೀರಿ. ದಾಖಲೆ ಮೊಬೈಲಿನ ಡಿಜಿಲಾಕರಿನಲ್ಲಿ ಇದ್ದರೂ ನಡೆಯುತ್ತದೆ, 2018ರಿಂದ ನಿಯಮದಲ್ಲೇ ಇದೆ. ಡಿಕ್ಕಿ ತೆಗೆಯಲು ರಸ್ತೆ ಮಧ್ಯ ಓಡಾಡುವ ಅಗತ್ಯ ಇಲ್ಲ.

ಗಂಗಾವಳಿ ದಡ

ನಾನು ಅಂಕೋಲಾದವನು. ಎಲ್ಲರೂ ತಿರುವು, ಲಾರಿ, ಬ್ರೇಕ್ ಬಗ್ಗೆ ಬರೆದಿದ್ದೀರಿ. ನಾನು ಮೇಲೆ ನೋಡಿ ಅಂತ ಹೇಳಲು ಬಂದಿದ್ದೇನೆ.

2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಜರಿಯಿತು. ಹೆದ್ದಾರಿ ಪಕ್ಕದ ಚಹಾ ಅಂಗಡಿ, ಅಲ್ಲಿದ್ದ ಮನೆಯವರು, ಚಹಾ ಕುಡಿಯಲು ನಿಲ್ಲಿಸಿದ ಗಾಡಿಗಳು ಎಲ್ಲವನ್ನೂ ಮಣ್ಣು ಗಂಗಾವಳಿಗೆ ದೂಡಿತು. ಆಚೆ ದಡದ ಉಳವರೆಯಲ್ಲೂ ಮನೆ ಹೋಯಿತು. ಕೇರಳದ ಚಾಲಕನ ಲಾರಿ ನದಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ. ಅದು ಅಗಲವಾದ ಜಾಗವಾಗಿತ್ತು. ನೇರ ರಸ್ತೆ, ಅಂಗಡಿ, ಜನ. ಸುರಕ್ಷಿತ ಜಾಗ ಅಂತ ಇಲ್ಲಿ ಎಲ್ಲರೂ ಬರೆದದ್ದು ಪೂರಾ ಅಲ್ಲಿ ಇತ್ತು. ಮೇಲೆ ಕತ್ತರಿಸಿದ ಗುಡ್ಡವೂ ಇತ್ತು.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕೊರೆದ ಜಾಗದ ಕೆಳಗೆ ಯಾರೂ ನಿಲ್ಲಬೇಡಿ, ಪೊಲೀಸರು ಹೇಳಿದರೂ 'ಸರ್, ಸ್ವಲ್ಪ ಮುಂದೆ ಬನ್ನಿ' ಅಂತ ಕೇಳಿಕೊಳ್ಳಿ. ಅವರ ಜೀವವೂ ಅಲ್ಲೇ ಇದೆ. ಧರೆಯಿಂದ ಕೆಸರು ನೀರು ಒಸರುತ್ತಿದ್ದರೆ, ರಸ್ತೆ ಮೇಲೆ ಸಣ್ಣ ಕಲ್ಲು ಉದುರಿದ್ದರೆ, ಮರ ರಸ್ತೆ ಕಡೆ ವಾಲಿದ್ದರೆ ಅಲ್ಲಿ ಒಂದು ನಿಮಿಷವೂ ಬೇಡ. ಕಾರವಾರದಿಂದ ಭಟ್ಕಳದವರೆಗೆ ನಾಲ್ಕು ಲೇನ್ ಮಾಡಲು ಗುಡ್ಡ ನೇರವಾಗಿ ಕಡಿದ ಜಾಗ ತುಂಬ ಇವೆ. ನಮಗೆ ಒಂದೊಂದೂ ಗೊತ್ತು. ಹೊರಗಿನಿಂದ ಬರುವವರಿಗೆ ಗೊತ್ತಿರುವುದಿಲ್ಲ, ಅವರಿಗೆ ಹೇಳಿ.

ಕೋಡಿಬಾಗ

ಗಂಗಾವಳಿ ಅಣ್ಣ, ಓದಿ ಎದೆ ಭಾರ ಆಯಿತು.

ಕಾರವಾರದ ಕಡೆಯ ಎರಡು ಜಾಗ ನಾನು ಸೇರಿಸುತ್ತೇನೆ. ಒಂದು ಬಿಣಗಾ ಕಡೆಯ ಸುರಂಗ. ಒಳಗೆ ಯಾವ ಕಾರಣಕ್ಕೂ ನಿಲ್ಲಿಸಬಾರದು. ಬಿಸಿಲಿನಿಂದ ಒಳಗೆ ಬಂದವನ ಕಣ್ಣಿಗೆ ಮೊದಲ ಕೆಲವು ಸೆಕೆಂಡು ಏನೂ ಕಾಣುವುದಿಲ್ಲ. ಸುರಂಗದ ಬಾಯಲ್ಲಿ ಕೈ ಮಾಡಿದರೆ ಹಜಾರ್ಡ್ ಹಾಕಿ ಆಚೆ ದಾಟಿ ನಿಲ್ಲಿಸಿ. ಎರಡನೆಯದು ಕಾಳಿ ಸೇತುವೆ. 2024ರ ಆಗಸ್ಟ್ 7ರ ರಾತ್ರಿ ಹಳೆ ಸೇತುವೆ ಬಿದ್ದದ್ದು ಎಲ್ಲರಿಗೂ ನೆನಪಿದೆ, ಲಾರಿ ಸಮೇತ ನದಿಗೆ ಬಿದ್ದ ಚಾಲಕನನ್ನು ಉಳಿಸಿದರು. ಸೇತುವೆ ಗಟ್ಟಿಯಿದ್ದರೂ ಅದರ ಮೇಲೆ ಅಂಚು ಇಲ್ಲ, ಓಡಲು ಜಾಗ ಇಲ್ಲ. ಶರಾವತಿ ಸೇತುವೆಗೂ ಇದೇ ಮಾತು. ಮಾಜಾಳಿ ಚೆಕ್‌ಪೋಸ್ಟಿನಂಥ ಕಡೆ ತಪಾಸಣೆಗೆಂದೇ ಜಾಗ ಇರುತ್ತದೆ, ಅಲ್ಲಿ ತೊಂದರೆ ಇಲ್ಲ.

ಅಘನಾಶಿನಿ

ಹೈವೇಯಲ್ಲಿ ಬಸ್ ನಿಲ್ದಾಣದ ಅಗಲ ಜಾಗ ಹೇಗೆ? ಮಳೆ ಬಂದರೆ ಮಾಡೂ ಇರುತ್ತದೆ.

ಖಾಕಿ ಬಿಟ್ಟವನು

ರಾತ್ರಿ ಒಳ್ಳೆಯದು ತಂಗಿ. ಬೆಳಿಗ್ಗೆ ಶಾಲೆ ಕಾಲೇಜಿನ ಹೊತ್ತಿಗೆ ಬೇಡ. ಬಸ್ಸಿನವನು ಜಾಗ ಸಿಗದೆ ರಸ್ತೆ ಮಧ್ಯ ನಿಲ್ಲಿಸುತ್ತಾನೆ, ಮಕ್ಕಳು ನಿಮ್ಮ ಗಾಡಿಯ ಮರೆಯಿಂದ ಓಡಿಬರುತ್ತಾರೆ. ಹಟ್ಟಿಕೇರಿ, ಹೊಳೆಗದ್ದೆ ಟೋಲ್ ದಾಟಿದ ಮೇಲೆ ಅಗಲ ಜಾಗ, ಲೈಟ್ ಎರಡೂ ಸಿಗುತ್ತದೆ.

ನಾಲ್ಕು ಲೇನಿನಲ್ಲಿ ಇನ್ನೊಂದು ತೊಂದರೆ. ಪೊಲೀಸರು ಡಿವೈಡರ್ ಹತ್ತಿರ ನಿಂತು ಕೈ ಮಾಡಿದರೆ ಜನ ಬಲಗಡೆ ಲೇನಿನಲ್ಲೇ ನಿಲ್ಲಿಸಿಬಿಡುತ್ತಾರೆ. ಅದು ಜೋರಾಗಿ ಹೋಗುವವರ ಲೇನು. ಅಲ್ಲಿ ನಿಲ್ಲಬೇಡಿ. ಎಡ ಕನ್ನಡಿ ನೋಡಿ, ಬೈಕ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಎಡಕ್ಕೆ ಬನ್ನಿ. ಅವರು ದಾಟಿಕೊಂಡು ಬರುತ್ತಾರೆ.

ಕತಗಾಲದಿಂದ

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಒಂದು ಯೋಚನೆ ಬಂದಿದೆ. ದೇವಿಮನೆ, ಅರಬೈಲ್, ಗೇರುಸೊಪ್ಪಾ ಮೂರೂ ಘಟ್ಟದಲ್ಲಿ ತಪಾಸಣೆ ಮಾಡಬಾರದ ಜಾಗ ಯಾವುದು, ಮಾಡಬಹುದಾದ ಜಾಗ ಯಾವುದು ಅಂತ ನಾವೇ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮನವಿ ಕೊಟ್ಟರೆ ಹೇಗೆ? ಮಳೆಗಾಲದ ಮೊದಲೇ ಕೊಡಬೇಕು.

ಖಾಕಿ ಬಿಟ್ಟವನು

ಕೊಡಿ. ಬರೀ ದೂರು ಅಂತ ಬರೆಯಬೇಡಿ. ಕಿಲೋಮೀಟರ್ ಕಲ್ಲಿನ ನಂಬರ್, ಹಗಲು ತೆಗೆದ ಫೋಟೊ, ಹತ್ತಿರದ ಅಗಲ ಜಾಗ ಎಷ್ಟು ದೂರ ಇಷ್ಟನ್ನೂ ಹಾಕಿ. ಆ ವ್ಯಾಪ್ತಿಯ ಠಾಣೆಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬರೆಯುವುದಕ್ಕೆ ನಾನು ಬರುತ್ತೇನೆ.

ಹತ್ತು ಚಕ್ರ

ಅರಬೈಲಿನ ಪಟ್ಟಿ ನಾನು ಮಾಡಿಕೊಡುತ್ತೇನೆ. ಮೇಲಿನಿಂದ ಇಳಿಯುವಾಗ ಒಂದು, ಹತ್ತುವಾಗ ಒಂದು, ಬೇರೆ ಬೇರೆ ಬೇಕು. ಇಳಿಯುವವನಿಗೆ ಸರಿಯಾದ ಜಾಗ ಹತ್ತುವವನಿಗೆ ಸರಿಯಾಗುವುದಿಲ್ಲ.

ಸಿದ್ದಾಪುರ ಬೈಕ್

ಗೇರುಸೊಪ್ಪಾ ಘಟ್ಟದ ಫೋಟೊ ನನ್ನ ಜವಾಬ್ದಾರಿ. ಭಾನುವಾರ ಹೋಗುತ್ತೇನೆ, ಜೊತೆಗೆ ಬರುವವರು ಹೇಳಿ.